ಜೋಕುಮಾರನ ಬಾಯಿಗೆ ಬೆಣ್ಣೆ

"ಸರ, ಎರಡು ಒಳ್ಳೆ ಮಾತು ಬರೀರಿ, ಸಾಕು" ಎನ್ನುವವರಿಗೆ ಎರಡು ಮಾತು ಎಂದೂ ಸಾಕಾಗುವುದಿಲ್ಲ. ಇದು ನನಗೆ ತಿಳಿದದ್ದು ನೌಕರಿಯಿಂದ ನಿವೃತ್ತನಾದ ಮೇಲೆ, ಹಾವೇರಿಯಲ್ಲಿ ಒಂದು ಹೊಸ ಪ್ರೇಮನಾಟಕದ ಮೂರನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು.

ನಾಟಕದ ಹೆಸರು ಹೇಳುವುದಿಲ್ಲ. ತಂಡದವರು ವಾರಕ್ಕೊಮ್ಮೆಯಾದರೂ ಬಸ್ ಸ್ಟ್ಯಾಂಡಿನಲ್ಲಿ ಎದುರಾಗುತ್ತಾರೆ. ನನಗೂ ಊರಲ್ಲಿ ಓಡಾಡಬೇಕು. ಹೆಸರಿನ ನಡುವೆ ಒಂದು 'ಅರ್ಥಾತ್' ಇತ್ತು ಎಂದಷ್ಟೇ ಹೇಳಬಲ್ಲೆ. ನಮ್ಮ ಕಡೆಯ ಸಾಮಾಜಿಕ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ 'ಅರ್ಥಾತ್' ಇಲ್ಲದಿದ್ದರೆ ಲಗ್ನಪತ್ರಿಕೆಯಲ್ಲಿ ಮುಹೂರ್ತ ಬಿಟ್ಟುಹೋದಂತೆ. ಅರ್ಥಾತ್‌ಗೆ ಮುಂಚಿನ ಹೆಸರು ಗಂಡಸರನ್ನು ಟಿಕೆಟ್ಟಿನ ಕಡೆ ಎಳೆಯುವುದಕ್ಕೆ, ಆಮೇಲಿನದು ಅವರು ಮನೆಯಲ್ಲಿ ಹೇಳಿ ಹೊರಡುವುದಕ್ಕೆ. ಮುಂದೆ ಕಳ್ಳಪ್ರೀತಿ, ಹಿಂದೆ ಸತಿಧರ್ಮ.

ಕಥೆ ಇಷ್ಟು. ರಾಣೆಬೆನ್ನೂರು ಕಡೆ ಬೀಜದ ಪ್ಲಾಟು ಮಾಡುವ ಒಬ್ಬ ರೈತ, ಅವನ ಹೆಂಡತಿ, ಬೈಕಿನಲ್ಲಿ ಪ್ಲಾಟು ನೋಡಲು ಬರುವ ಬೀಜದ ಕಂಪನಿಯ ಹುಡುಗ. ಗಂಡ ಸದಾ ಪ್ಯಾಟಿಯಲ್ಲಿ, ಹುಡುಗ ಸದಾ ಬದುವಿನ ಮೇಲೆ. ಮೊದಲ ಅಂಕದಲ್ಲಿ ನೀರು ಕೇಳುತ್ತಾನೆ, ಎರಡನೆಯದರಲ್ಲಿ ಚಹಾ, ಮೂರನೆಯದರಲ್ಲಿ ಕೇಳುವುದನ್ನೇ ಬಿಡುತ್ತಾನೆ. ಕೊನೆಗೆ ಗಂಡನಿಗೆ ಗೊತ್ತಾಗುತ್ತದೆ, ಹುಡುಗ ಊರು ಬಿಡುತ್ತಾನೆ, ಅವಳು ಗಂಡನ ಕಾಲಿಗೆ ಬೀಳುತ್ತಾಳೆ, ಹಾರ್ಮೋನಿಯಂ ಅಳುತ್ತದೆ, ಪರದೆ ಬೀಳುತ್ತದೆ.

ಹಾವೇರಿಯ ಪ್ರಯೋಗದಲ್ಲಿ ನಾಟಕಕ್ಕಿಂತ ಮೊದಲು ಸನ್ಮಾನ ನಡೆಯಿತು. 1997ರಲ್ಲಿ ಜಿಲ್ಲಾ ಕೇಂದ್ರವಾದಾಗಿನಿಂದ ನಮ್ಮೂರಿಗೆ ಸಾಹೇಬರಿಗೆ ಕೊರತೆಯಿಲ್ಲ, ಏಲಕ್ಕಿ ಹಾರಕ್ಕಂತೂ ಮೊದಲಿನಿಂದಲೂ ಇಲ್ಲ. 2023ರ ಜನವರಿಯಲ್ಲಿ ಇಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ನಾಡಿನವರೆಲ್ಲ ಆ ಹಾರದ ವಾಸನೆ ನೋಡಿಹೋದರು. ತಮಾಷೆಯೆಂದರೆ ಹಾವೇರಿಯ ಎರೆ ನೆಲದಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಅದು ಮಲೆನಾಡಿನದು. ತಾನು ಬೆಳೆಯದ್ದನ್ನು ಪೋಣಿಸಿ ಇನ್ನೊಬ್ಬರ ಕೊರಳಿಗೆ ಹಾಕುವುದು ನಮ್ಮೂರಿನ ಹಳೆಯ ಕಸುಬು. ಮೆಚ್ಚುಗೆಯ ಮಾತೂ ಹಾಗೇ ತಯಾರಾಗುತ್ತದೆ. ಐದು ಜನ ಗಣ್ಯರು ಇನ್ನೂ ಆಡದ ನಾಟಕವನ್ನು "ಸಮಾಜಕ್ಕೆ ಒಳ್ಳೆಯ ಸಂದೇಶ" ಎಂದು ಹೊಗಳಿ, ಮೊದಲ ಅಂಕ ಮುಗಿಯುವ ಮುಂಚೆ ಎದ್ದುಹೋದರು. ಅವರು ನೋಡಿದ ಭಾಗದಲ್ಲಿ ಹುಡುಗ ಇನ್ನೂ ನೀರು ಕೇಳುತ್ತಿದ್ದ.

ನನ್ನ ಪಕ್ಕದಲ್ಲಿ ಒಬ್ಬ ವಕೀಲರಿದ್ದರು. ಪಂಚರು ಕಂಪನಿಯ ಹುಡುಗನಿಗೆ "ಪರರ ಹೆಂಡತಿಯ ಮೇಲೆ ಕಣ್ಣು ಹಾಕಿದ್ದಕ್ಕೆ ಜೇಲಿಗೆ ಕಳಿಸ್ತೀವಿ" ಎಂದು ಗದರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರೆ ಇವರು ಮಾತ್ರ ಕುರ್ಚಿಯಲ್ಲಿ ಚಡಪಡಿಸಿದರು. "ಆ ಕಲಂ ಈಗ ಎಲ್ಲೈತ್ರೀ? 497. 2018ರ ಸಪ್ಟಂಬರ್ 27ಕ್ಕ ಸುಪ್ರೀಂ ಕೋರ್ಟ್ ತಗದ ಹಾಕೇತಿ. ನಾಟಕ ಬರದಾವ ಪೇಪರ್ ಓದಂಗಿಲ್ಲೇನು?" 1860ರ ದಂಡಸಂಹಿತೆಯ ಆ ಕಲಮಿನಲ್ಲಿ ಶಿಕ್ಷೆ ಇದ್ದದ್ದು ಗಂಡಸಿಗೆ ಮಾತ್ರ, ಗಂಡನ ಸಮ್ಮತಿ ಇದ್ದರೆ ಅದು ಅಪರಾಧವೇ ಅಲ್ಲ, ಹೆಂಗಸಿಗೆ ಶಿಕ್ಷೆಯೂ ಇಲ್ಲ, ಮಾತೂ ಇಲ್ಲ ಎಂದು ಅವರು ವಿವರಿಸುತ್ತಿದ್ದಂತೆ ರಂಗದ ಮೇಲೆ ಒಂದು ಪೂರ್ತಿ ಹಾಡು ಮುಗಿದುಹೋಯಿತು. ನಾಟಕ ಹೇಗಿತ್ತೆಂದು ಕೇಳಿದ್ದಕ್ಕೆ "ಮೇಂಟೇನೇಬಲ್ ಇಲ್ಲ" ಎಂದರು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳು ಹೆಂಗಸರ ಸಾಲಿನಲ್ಲಿ ಕುಳಿತು ಪೂರ್ತಿ ನೋಡಿದ್ದಳು. "ಛಲೋ ಇತ್ತು. ಚಾ ಮಾಡ್ಲಿ?" ಎಂದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಈ ಉತ್ತರವನ್ನು ನಾನು ಬೇರೆ ಬೇರೆ ಪ್ರಶ್ನೆಗಳಿಗೆ ಕೇಳಿದ್ದೇನೆ. ಅದರರ್ಥ ಛಲೋ ಇತ್ತು ಎಂದಲ್ಲ.

ಆ ರಾತ್ರಿಯೇ ಬರೆದೆ. ಸ್ಥಳೀಯ ಪತ್ರಿಕೆಯೊಂದರಲ್ಲಿ ಬಂತು. "ನೆರೆದ ಪ್ರೇಕ್ಷಕರ ಮನಸೂರೆಗೊಂಡಿತು" ಎಂದು ಶುರುವಾಗಿ "ತಂಡದ ಶ್ರಮ ಶ್ಲಾಘನೀಯ" ಎಂದು ಮುಗಿಯಿತು. ನಡುವೆ ಎಲ್ಲೋ "ಎರಡನೆಯ ಅಂಕ ತುಸು ಎಳೆದಂತಿದೆ" ಎಂಬ ಒಂದೇ ಒಂದು ವಾಕ್ಯ ನುಸುಳಿತ್ತು. ಬೆಳಿಗ್ಗೆ ಏಳಕ್ಕೇ ನಿರ್ದೇಶಕರ ಫೋನು. "ಮಾಸ್ತರ, ನೀವು ಹಿಂಗ ಮಾಡ್ತೀರಿ ಅಂತ ಅನ್ಕೊಂಡಿರಲಿಲ್ಲ." ನಾನು ಮಾಸ್ತರನಲ್ಲ, ಆದರೆ ನಮ್ಮ ಕಡೆ ಕನ್ನಡಕ ಹಾಕಿಕೊಂಡು ತಪ್ಪು ಹುಡುಕುವವರೆಲ್ಲ ಮಾಸ್ತರರೇ. ನಾಯಕನ ಪಾತ್ರಧಾರಿಗೆ ತನ್ನ ಹೆಸರು ಬೆಳಕಿನವನ ಹೆಸರಿನ ಕೆಳಗೆ ಬಂತೆಂಬ ಸಿಟ್ಟು. ಗಂಡನ ಪಾತ್ರ ಮಾಡಿದವರಿಗೆ ಸಿಟ್ಟಿರಲಿಲ್ಲ, ದುಃಖವಿತ್ತು. "ಎಲ್ಲಾರ ಬಗ್ಗೆನೂ ಬರದೀರಿ, ನನಗ ಮಾತ್ರ 'ಪಾತ್ರಕ್ಕೆ ತಕ್ಕಂತೆ' ಅಂದೀರಿ."

ಅನೈತಿಕ ಸಂಬಂಧದ ನಾಟಕ ನಮ್ಮ ಸೀಮೆಗೆ ಹೊಸದೇನಲ್ಲ. ಬೈಲಹೊಂಗಲ ಕಡೆಯ ಪತ್ತಾರ ಮಾಸ್ತರ ಕಟ್ಟಿದ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ನೋಡದೆ ಮುಪ್ಪಾದ ಹಿರಿಯರು ಉತ್ತರ ಕರ್ನಾಟಕದಲ್ಲಿ ಕಡಿಮೆ. ನಿಜವಾಗಿ ನಡೆದ ಒಂದು ಕೊಲೆಯ ಮೇಲೆ ಹುಟ್ಟಿದ ಆಟ ಅದು. ಸಂಗ್ಯಾ ಗಂಗಿಗೆ ಮನಸೋಲುತ್ತಾನೆ, ಗಂಗಿಗೆ ಗಂಡನಿದ್ದಾನೆ, ಜೀವದ ಗೆಳೆಯ ಬಾಳ್ಯಾ ಕೊನೆಗೆ ಗೆಳೆಯನನ್ನೇ ಹಿಡಿದುಕೊಡುತ್ತಾನೆ. ಕತ್ತಿ ಬೀಳುವುದು ಸಂಗ್ಯಾನ ಮೇಲೆ. ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಪುಸ್ತಕ ಮಾಡಿದ ಮೇಲೆ ಪಂಡಿತರೂ ಓದಿದರು. ಜನ ಅದನ್ನು ಓದುವ ಗೊಡವೆಗೆ ಹೋಗದೆ ಬೆಳತನಕ ಕುಳಿತು ನೋಡಿದ್ದರು.

ಅದನ್ನು ನಾನು ಮೊದಲು ನೋಡಿದ್ದು ಅಜ್ಜನ ಕಂಬಳಿಯೊಳಗೆ ಕುಳಿತು. ಸಂಗ್ಯಾ ಗಂಗಿಯ ಮನೆಗೆ ಹೊರಟಾಗ ಇಡೀ ಊರು ಅವನ ಕಡೆ. ಹಿಮ್ಮೇಳದವರು ಹಾಡಿನ ಕೊನೆಯ ಸಾಲು ಎತ್ತಿಕೊಂಡರೆ ಸಿಳ್ಳೆಯ ಮೇಲೆ ಸಿಳ್ಳೆ. ಬೆಳಗಿನ ಜಾವ ಅವನನ್ನು ಕೊಲ್ಲುವಾಗ ಅದೇ ಜನ "ಮಾಡಿದ್ದುಣ್ಣೋ" ಎಂದರು. ನನ್ನಜ್ಜ ಎರಡೂ ಕಡೆ ಇದ್ದರು. ಕೊಲೆಯಾದ ಮೇಲೆ ಕಂಬಳಿ ಕೊಡವಿ ಎದ್ದು, "ಮುಂದಿನ ವರ್ಷ ಸಂಗ್ಯಾನ ಪಾತ್ರಕ್ಕ ಇನ್ನೂ ಛಲೋ ಹುಡುಗನ್ನ ಹಿಡೀಬೇಕು" ಎಂದರು. ಕೊಲ್ಲುವುದಕ್ಕೂ ಚಂದದವನೇ ಬೇಕು.

ರಾಧಾನಾಟವೂ ಸಣ್ಣಾಟವೇ. ಲೆಕ್ಕ ಹಾಕಿದರೆ ರಾಧೆಯ ಸಂಗತಿಯೂ ವಕೀಲರ ಹಳೆಯ ಕಲಮಿನೊಳಗೇ ಬರುತ್ತದೆ. ಆದರೆ ಅಲ್ಲಿ ಮಂಗಳಾರತಿ, ಇಲ್ಲಿ ಕತ್ತಿ. ದೇವರಾಗಲಿ, ಹಾವಾಗಲಿ, ಮನುಷ್ಯನಲ್ಲದ ಯಾರಾದರೂ ನಡುವೆ ಬಂದರೆ ನಾವು ಉದಾರಿಗಳು. ಗಿರೀಶ ಕಾರ್ನಾಡರಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಅವರು ಕಟ್ಟಿದ 'ನಾಗಮಂಡಲ'ದಲ್ಲಿ ರಾಣಿಯ ಬಳಿ ರಾತ್ರಿ ಬರುವವನು ಗಂಡನ ರೂಪದ ನಾಗ. ನೋಡುವವರು ಅವಳನ್ನು ಕ್ಷಮಿಸುವ ಪ್ರಮೇಯವೇ ಬರುವುದಿಲ್ಲ. ಆ ಕೆಲಸ ಹುತ್ತದಲ್ಲಿ ಮೊದಲೇ ಮುಗಿದಿರುತ್ತದೆ. ಅದೇ ಕಥೆಯಲ್ಲಿ ನಾಗನ ಬದಲು ಬೀಜದ ಕಂಪನಿಯ ಹುಡುಗನನ್ನು ನಿಲ್ಲಿಸಿ ನೋಡಿ, ಮೂರನೆಯ ಸಾಲಿನಿಂದ ವಕೀಲರು ಏಳುತ್ತಾರೆ.

ಕಂಬಾರರು ಹಾವಿನ ಹಂಗೂ ಇಟ್ಟುಕೊಳ್ಳಲಿಲ್ಲ. 'ಜೋಕುಮಾರಸ್ವಾಮಿ'ಯಲ್ಲಿ ಮಕ್ಕಳಿಲ್ಲದ ಗೌಡ್ತಿ ಗಂಡನಿಗೆಂದು ಮಾಡಿದ ಪಡವಲಕಾಯಿಯ ಅಡುಗೆ ಗೌಡನ ವೈರಿ ಬಸಣ್ಣನ ಪಾಲಾಗುತ್ತದೆ, ಗೌಡ್ತಿಯೂ. ಬಸಣ್ಣ ಸಾಯುತ್ತಾನೆ, ಬಸಿರು ಉಳಿಯುತ್ತದೆ. 1972ರಲ್ಲಿ ಬಿ.ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಬಯಲಿಗೆ ತಂದು ಆಡಿಸಿದಾಗ ಪೇಟೆಯವರಿಗೆ ಜೋಕುಮಾರ ಹೊಸಬ. ನಮಗೆ ಅವನು ಪ್ರತಿ ಭಾದ್ರಪದಕ್ಕೂ ಬಾಗಿಲಿಗೆ ಬರುವ ನೆಂಟ.

ಗಣಪತಿ ಕೂಡ್ರಿಸಿದ ಕೆಲ ದಿನಕ್ಕೆ, ಅಷ್ಟಮಿಯಂದು ಅವನು ಹುಟ್ಟುತ್ತಾನೆ. ಅಂಬಿಗರ ಹೆಂಗಸರು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಅವನನ್ನು ಹೊತ್ತು ಮನೆಮನೆಗೆ ಬರುತ್ತಾರೆ. ಹಸಿ ಮಣ್ಣಿನ ಮೈ, ಅಗಲ ಮುಖ, ಅರಳಿದ ಕಣ್ಣು, ತೆರೆದ ಬಾಯಿ. ಆ ಬಾಯಿಗೆ ಮನೆಯಾಕೆ ಬೆಣ್ಣೆ ಹಚ್ಚುತ್ತಾಳೆ, ಮೊರದಲ್ಲಿ ಜೋಳ ಕೊಡುತ್ತಾಳೆ. ಬುಟ್ಟಿಯ ಸುತ್ತ ಕುಳಿತವರು ಅವನ ಲಂಪಟತನವನ್ನೇ ಹಾಡಿ ಹೊಗಳುತ್ತಾರೆ. ಏಳು ದಿನದ ಬಾಳು. ಮಡಿವಾಳರ ಹುಡುಗಿಯ ಮೇಲೆ ಕಣ್ಣು ಹಾಕಿದನೆಂದು ಹುಣ್ಣಿಮೆಯ ರಾತ್ರಿ ಕೊಲ್ಲುತ್ತಾರೆ. ಮುಂದಿನ ವರ್ಷ ಮತ್ತೆ ಹುಟ್ಟಿಸುತ್ತಾರೆ.

ಜೋಕುಮಾರನದು ಇನ್ನೊಂದು ಕಥೆಯಿದೆ, ವಿಮರ್ಶೆ ಬರೆಯುವವರೆಲ್ಲ ಕೇಳಬೇಕಾದದ್ದು. ಭೂಲೋಕ ಹೇಗಿದೆ ನೋಡಿ ಬಾ ಎಂದು ಶಿವ ಮೊದಲು ಗಣಪತಿಯನ್ನು ಕಳಿಸುತ್ತಾನೆ. ಅವನು ಕಡುಬು ತಿಂದು, ಹೊಟ್ಟೆ ಸವರಿಕೊಂಡು ಹಿಂತಿರುಗಿ "ಎಲ್ಲರೂ ಸುಖವಾಗಿದ್ದಾರೆ" ಎನ್ನುತ್ತಾನೆ. ಆಮೇಲೆ ಹೊರಟವನು ಜೋಕುಮಾರ. ಕೇರಿ ಹೊಲ ಎಲ್ಲ ತಿರುಗಿ, ಪೆಟ್ಟು ತಿಂದು, ಸತ್ತು ಮೇಲೆ ಹೋಗಿ ಹೇಳುತ್ತಾನೆ: ಮಳೆಯಿಲ್ಲ, ಬೆಳೆಯಿಲ್ಲ, ಜನ ಹಸಿದಿದ್ದಾರೆ. ಆಗ ಮಳೆ ಬರುತ್ತದೆ. ಸಭ್ಯನಾದವನು ಊಟ ಮಾಡಿ ಹೊಗಳಿದ. ಪೋಲಿ ನಿಜ ಹೇಳಿದ. ಹಾಗಾದರೆ ಆ ತೆರೆದ ಬಾಯಿಗೆ ಬೆಣ್ಣೆ ಹಚ್ಚುವುದು ಭಕ್ತಿಗೋ, ಇಲ್ಲ, ಮೇಲೆ ಹೋಗಿ ನಮ್ಮ ಮನೆಯ ಸುದ್ದಿಯನ್ನು ಸ್ವಲ್ಪ ನಯವಾಗಿ ಹೇಳಲಿ ಎಂದೋ? ನನ್ನ ಪತ್ರಿಕೆಯ ಬರಹವನ್ನು ಮತ್ತೊಮ್ಮೆ ತೆಗೆದು ಓದಿದೆ. ಸಾಲು ಸಾಲಿನಲ್ಲೂ ಕಡುಬಿನ ವಾಸನೆ.

ಎರಡನೆಯ ಪ್ರಯೋಗ ಬ್ಯಾಡಗಿಯಲ್ಲಿ, ಅದೂ ಮೆಣಸಿನಕಾಯಿಯ ಹಂಗಾಮಿನಲ್ಲಿ. ಸೋಮವಾರ, ಗುರುವಾರದ ಮಾರುಕಟ್ಟೆಗೆ ಆವಕ ಹೆಚ್ಚಾದಾಗ ಆ ಊರಿನ ಗಾಳಿಯೇ ಕೆಂಪು. ರೈಲು ಇಳಿದವರು ಮೊದಲು ಸೀನಿ, ಆಮೇಲೆ ವಿಳಾಸ ಕೇಳುತ್ತಾರೆ. ನಾಟಕ ತಂಡಕ್ಕೆ ಇದರಿಂದ ಲಾಭವೇ ಆಯಿತು. ಹಾವೇರಿಯಲ್ಲಿ ಕಣ್ಣೀರಿಗೆ ಒದ್ದಾಡಿದ ನಾಯಕಿಗೆ ಇಲ್ಲಿ ಪ್ರಯತ್ನವೇ ಬೇಕಾಗಲಿಲ್ಲ. ಗಂಡನ ಪಾತ್ರದವರು ಮಾತ್ರ ಕೋಪದ ದೃಶ್ಯದಲ್ಲಿ ನಾಲ್ಕು ಸಲ ಸೀನಿದ್ದರಿಂದ ಹುಡುಗನಿಗೆ ಊರು ಬಿಡಲು ಸಾಕಷ್ಟು ಸಮಯ ಸಿಕ್ಕಿತು.

ಮರುದಿನ ಪರಿಚಯದ ದಲಾಲರ ಅಂಗಡಿಗೆ ಹೋದೆ. ಅವರ ಮುಂದೆ ಎರಡು ರಾಶಿ: ಡಬ್ಬಿ, ಕಡ್ಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಷ್ಟೆ. ಹೆಸರು ಅದಕ್ಕಿಂತ ಎಷ್ಟೋ ಹಳೆಯದು. ಸುಕ್ಕಿದ ಮೈ, ಕಡುಗೆಂಪು, ಖಾರ ಕಡಿಮೆ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. "ನಿನ್ನಿ ನಾಟಕ ಹೆಂಗಿತ್ರಿ?" ಎಂದೆ. ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುತ್ತಾರೆಂದು ಕಾದಿದ್ದೆ. ಆ ಮಾತನ್ನು ಬರಹದಲ್ಲಿ ಬಳಸಿಕೊಳ್ಳುವ ಆಸೆಯೂ ಇತ್ತು. ದಲಾಲರು ಒಂದು ಕಾಯಿ ಎತ್ತಿ ಬೆರಳ ನಡುವೆ ಒತ್ತಿ, ಕಿವಿಯ ಬಳಿ ಹಿಡಿದು ಬೀಜದ ಸಪ್ಪಳ ಕೇಳಿ, ಮೂಗಿಗೆ ಹಿಡಿದರು. "ಇದು ಹೊಸಾ ಮಾಲು. ನಿಮ್ಮ ನಾಟಕ ಕೋಲ್ಡ್ ಸ್ಟೋರೇಜಿಂದು. ಬಣ್ಣ ಹಂಗ ಐತಿ, ವಾಸನಿ ಹೋಗೇತಿ." ನಾನು ಮನೆಯಿಂದ ತಂದ ಮಾತಿಗಿಂತ ಇದು ಒಳ್ಳೆಯದಾಗಿತ್ತು.

ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ಮೂಗಿಗೆ ಸೆರಗು, ಎಡಗೈಯಲ್ಲಿ ಕಾಯಿ, ಬಲಗೈಯ ಎರಡು ಬೆರಳು ತೊಟ್ಟಿನ ಬುಡಕ್ಕೆ. ಚಟ್ ಎಂದು ಒಂದು ಸಪ್ಪಳ, ತೊಟ್ಟು ಒಂದು ಕಡೆ, ಕಾಯಿ ಇನ್ನೊಂದು ಕಡೆ. ಕಣ್ಣು ಅದರ ಮೇಲೆ ಇರುವುದೇ ಇಲ್ಲ. ಕಿಲೋ ಲೆಕ್ಕದ ಕೂಲಿಯಾದ್ದರಿಂದ ಕೈ ನಿಲ್ಲುವ ಹಾಗಿಲ್ಲ. ಬಾಯಿಗೆ ಆ ಕಟ್ಟಳೆ ಇಲ್ಲ. ಅವರಲ್ಲಿ ನಾಲ್ಕೈದು ಜನ ಹಿಂದಿನ ರಾತ್ರಿ ನಾಟಕಕ್ಕೆ ಬಂದಿದ್ದರು.

"ಆ ಹುಡುಗ ಛಲೋ ಇದ್ದ" ಎಂದಳು ಒಬ್ಬಳು. "ಬೈಕ್ ಛಲೋ ಇತ್ತು" ಎಂದಳು ಇನ್ನೊಬ್ಬಳು. ನಕ್ಕರು. ಹಿರಿಯಳೊಬ್ಬಳು ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. "ನೀವು ನಾಟಕದವ್ರೇನ್ರಿ?"

"ಅಲ್ಲಬೇ ಅಕ್ಕಾ, ನಾನು ಅದರ ಬಗ್ಗೆ ಬರೆಯಾಂವ."

"ಹಂಗಾರ ಒಂದು ಮಾತು ಕೇಳ್ತೀನಿ. ಆಕಿ ಕಡೀಕ ಗಂಡನ ಕಾಲಿಗೆ ಬಿದ್ಲು, ಪಡದೆ ಬಿತ್ತು. ಮುಂಜಾನಿ ಎದ್ದು ರೊಟ್ಟಿ ಯಾರು ಬಡದ್ರು?"

ನನಗೆ ಉತ್ತರ ತೋಚಲಿಲ್ಲ. ಅವಳ ಕೈ ನಡೆದೇ ಇತ್ತು. "ಆಕಿನ ಬಡದಿರಬೇಕಲ್ರಿ. ಅದ ಒಲಿ, ಅದ ಹಂಚು, ಅದ ಗಂಡ. ಆಂವ ಉಣ್ಣಾಕ ಕುಂತಾಗ ಇಬ್ಬರೂ ಏನ್ ಮಾತಾಡಿದ್ರು? ಅದನ್ನ ತೋರಸಲಿಲ್ಲ. ಕಾಲಿಗೆ ಬೀಳೂದು ಒಂದು ಗಳಿಗಿ ಮಾತು. ರೊಟ್ಟಿ ದಿನಾ ಬಡೀಬೇಕು." ಚಟ್, ಚಟ್. ಸುತ್ತಲಿನವರು ನಗಲಿಲ್ಲ.

ನಾಟಕ ನೋಡಿದ ಗಂಡಸರೆಲ್ಲ, ನಾನೂ ಸೇರಿ, ತಪ್ಪು ಯಾರದು ಎಂದು ಕೇಳಿದ್ದೆವು. ಸಂಗ್ಯಾನ ಕಾಲದಿಂದ ಅದೇ ಪ್ರಶ್ನೆ: ಯಾರನ್ನು ಕೊಂದರೆ ನಾಟಕ ಮುಗಿಯುತ್ತದೆ? ಈ ಹೆಂಗಸಿನ ಲೆಕ್ಕದಲ್ಲಿ ಅದು ಮುಗಿದಲ್ಲಿಂದ ಶುರುವಾಗಬೇಕಿತ್ತು. ಜೋಕುಮಾರನ ಬುಟ್ಟಿ ಹೊರುವವರೂ, ಅವನ ಪರವಾಗಿ ಹಾಡುವವರೂ ಹೆಂಗಸರೇ ಯಾಕೆ ಎಂಬುದು ನನಗೆ ಅವತ್ತು ತುಸು ಹೊಳೆಯಿತು. ಊರಿನ ನಿಜ ಸುದ್ದಿ ಇರುವುದು ಅವರ ಹತ್ತಿರ.

ನಿರ್ದೇಶಕರಿಗೆ ಫೋನು ಮಾಡಿ ಹೇಳಿದೆ. ಎರಡನೆಯ ಅಂಕದ ಸಿಟ್ಟು ಅವರಿಗೆ ಇನ್ನೂ ಇಳಿದಿರಲಿಲ್ಲ. "ಪಡದೆ ಬಿದ್ದ ಮ್ಯಾಲ ರೊಟ್ಟಿ ಬಡದ್ರ ಜನ ಕುಂದರ್ತಾರೇನ್ರಿ?" ಎಂದು ಫೋನಿಟ್ಟರು. ಹತ್ತು ನಿಮಿಷ ಬಿಟ್ಟು ಅವರದೇ ಫೋನು ಬಂತು. "ಮಾಸ್ತರ, ಒಲಿ ಯಾರ ಮನ್ಯಾಗ ಸಿಗತೈತಿ?"

ಮೂರನೆಯದು ರಾಣೆಬೆನ್ನೂರು. ಬೀಜದ ಊರು. ಸುತ್ತಿನ ಹೊಲಗಳಲ್ಲಿ ಹೆಂಗಸರು ಸಂಜೆ ಮೊಗ್ಗಿನ ಗಂಡು ಭಾಗ ಕಿತ್ತು, ಮರುದಿನ ಬೇರೆ ಗಿಡದ ಪರಾಗ ತಂದು ಕೈಯಿಂದಲೇ ಮುಟ್ಟಿಸಿ ಗುರುತಿಗೆ ದಾರ ಕಟ್ಟುತ್ತಾರೆ. ಅವರ ಬಾಯಲ್ಲಿ ಅದು 'ಕ್ರಾಸಿಂಗ್'. ಪ್ಲಾಟಿನ ದೃಶ್ಯದಲ್ಲಿ ನಾಯಕ ನಾಯಕಿಯ ಕೈಗೆ ಹೂ ಕೊಟ್ಟು ಹಾಡು ಶುರುಮಾಡಿದಾಗ ಹಿಂದಿನಿಂದ ಒಬ್ಬ ರೈತ ಕೂಗಿದ: "ದಾರಾ ಕಟ್ಟೋ ತಮ್ಮಾ, ಲಾಟ್ ಫೇಲ್ ಆಗತೈತಿ!" ಇಡೀ ಮೈದಾನ ನಕ್ಕಿತು. ಹಾರ್ಮೋನಿಯಂ ಮಾಸ್ತರರೂ ನಕ್ಕು ಶ್ರುತಿ ತಪ್ಪಿದರು.

ಕೊನೆಗೆ ನಾಯಕಿ ಗಂಡನ ಕಾಲಿಗೆ ಬಿದ್ದಳು, ಪರದೆ ಬಿತ್ತು. ಜನ ಎದ್ದರು, ಚಪ್ಪಲಿ ಹುಡುಕಿದರು. ಪರದೆ ಮತ್ತೆ ಎದ್ದಿತು. ಒಲೆ, ಹಂಚು, ಹಲಗೆಯ ಮುಂದೆ ಅವಳು. ಮೂಲೆಯಲ್ಲಿ ತಾಟಿನ ಮುಂದೆ ಗಂಡ. ಹಾಡಿಲ್ಲ, ಮಾತಿಲ್ಲ. ಅವಳು ಹಿಟ್ಟು ನಾದಿ ಬಡಿಯಲು ಶುರುಮಾಡಿದಳು. ಹುಬ್ಬಳ್ಳಿಯಿಂದ ಬಂದ ಕಲಾವಿದೆ, ಸಂಭಾಷಣೆಯಲ್ಲಿ ಎಂದೂ ತಡವರಿಸಿದವರಲ್ಲ. ಆದರೆ ಜೋಳದ ಹಿಟ್ಟಿಗೆ ಕಲೆ ಬೇರೆ. ರೊಟ್ಟಿ ಅಂಗೈ ಅಗಲಕ್ಕೆ ಬರುವಷ್ಟರಲ್ಲಿ ಅಂಚು ಬಿರಿಯಿತು. ಮತ್ತೆ ಉಂಡೆ ಮಾಡಿದರು. ಮತ್ತೆ ಬಿರಿಯಿತು.

ಮೂರೂ ಊರುಗಳಲ್ಲಿ ಅಲ್ಲಿಯತನಕ ಹೆಂಗಸರ ಸಾಲಿನಿಂದ ನಾಟಕಕ್ಕೆ ಒಂದು ಮಾತೂ ಬಂದಿರಲಿಲ್ಲ. ಈಗ ಬಂತು.

"ಎಸರು ಕಡಿಮಿ ಆಗೇತಿ, ತಂಗಿ!"

"ಕುದ್ದ ನೀರು ಹಾಕ! ಇನ್ನೊಮ್ಮಿ ನಾದ!"

"ಕೈ ಸಡ್ಲ ಬಿಡವಾ, ಹರೀತೈತಿ!"

ನಾಯಕಿ ತಲೆ ಎತ್ತಿ ನೋಡಿದರು, ಪಾತ್ರ ಬಿಟ್ಟು ನಕ್ಕರು, ಆಮೇಲೆ ಯಾಕೋ ಕಣ್ಣೊರೆಸಿಕೊಂಡರು. ರಾಣೆಬೆನ್ನೂರಿನಲ್ಲಿ ಮೆಣಸಿನಕಾಯಿಯ ಗಾಳಿ ಇರಲಿಲ್ಲ. ಗಂಡನ ಪಾತ್ರದವರಿಗೆ ಈ ದೃಶ್ಯದಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹರಿದ ರೊಟ್ಟಿಯನ್ನೇ ತಾಟಿಗೆ ಹಾಕಿಕೊಂಡು, ಮುರಿದು, ತಿನ್ನಬೇಕೋ ಬೇಡವೋ ತಿಳಿಯದೆ ಕೈಯಲ್ಲಿ ಹಿಡಿದು ಕುಳಿತರು. 'ಪಾತ್ರಕ್ಕೆ ತಕ್ಕಂತೆ' ಎಂದು ಅವರ ಬಗ್ಗೆ ಬರೆದದ್ದಕ್ಕೆ ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಮೈಕು ಗೊರಗುಟ್ಟಿತು. ಊರಿನ ಪದ್ಧತಿ, ಎಂಥ ದೃಶ್ಯವಿದ್ದರೂ ಬಹುಮಾನದ ಘೋಷಣೆ ನಿಲ್ಲುವುದಿಲ್ಲ. "ರೊಟ್ಟಿ ಬಡಿದ ಕಲಾವಿದೆಯವರಿಗೆ ಮಹಿಳೆಯರ ವತಿಯಿಂದ ನೂರಾ ಒಂದು ರೂಪಾಯಿ. ಹೆಸರು ಹೇಳಬ್ಯಾಡ್ರಿ ಅಂದಾರ."

ಹಿಂತಿರುಗುವ ಬಸ್ಸಿನಲ್ಲಿ ಹೆಂಡತಿ ಪಕ್ಕದಲ್ಲಿದ್ದಳು. ಎರಡನೆಯ ಸಲ ಅದೇ ನಾಟಕ ನೋಡಲು ತಾನಾಗಿಯೇ ಬಂದಿದ್ದಳು. ಮೋಟೆಬೆನ್ನೂರು ದಾಟುವತನಕ ಕಿಟಕಿಯ ಆಚೆ ನೋಡುತ್ತಿದ್ದವಳನ್ನು, ಹೇಗಿತ್ತೆಂದು ಈ ಸಲ ನಾನು ಕೇಳಲಿಲ್ಲ. ಅವಳ ಪರ್ಸಿನಲ್ಲಿ ಬೆಳಿಗ್ಗೆ ನಾನೇ ಕೊಟ್ಟ ದುಡ್ಡಿನ ಲೆಕ್ಕ ಹಾಕಿದೆ. ಬಸ್ಸಿನ ಚಾರ್ಜು, ಚಹಾ, ಮಂಡಕ್ಕಿ ಒಗ್ಗರಣೆ ಎಲ್ಲ ಕಳೆದರೂ ನೂರಾ ಒಂದು ರೂಪಾಯಿ ತಾಳೆಯಾಗಲಿಲ್ಲ.